ಹಳೆಯ ಡೆಸ್ಕ್‌ಟಾಪ್‌ನ ಮದರ್‌ಬೋರ್ಡ್ ನಿಜಕ್ಕೂ ಹೋಗಿದೆಯೇ? ಮನೆಯಲ್ಲೇ ಪರೀಕ್ಷಿಸುವ ಕ್ರಮ

ಮಲೆನಾಡಿನ ಒಂದು ಸಣ್ಣ ಸಹಕಾರ ಸಂಘದಲ್ಲಿ 2010ರಲ್ಲಿ ಕೊಂಡ ಡೆಸ್ಕ್‌ಟಾಪ್ ಒಂದು ಈಗಲೂ ಚಾಕರಿ ಮಾಡುತ್ತಿದೆ. ಅದರೊಳಗಿರುವುದು ಜಿ41 ಎಂಬ ಚಿಪ್‌ಸೆಟ್‌ನ (ಭಾಗಗಳ ನಡುವೆ ಮಾತು ನಡೆಸುವ ಮುಖ್ಯ ಚಿಪ್‌ಗಳ) ಮದರ್‌ಬೋರ್ಡ್, ಎರಡು ಡಿಡಿಆರ್3 ರ‍್ಯಾಮ್ ಸ್ಟಿಕ್‌ಗಳು ಮತ್ತು ವಿಂಡೋಸ್ 7. ಹೊಸದನ್ನು ಕೊಳ್ಳಲು ಸಂಘಕ್ಕೆ ಹಣವಿಲ್ಲವೆಂದಲ್ಲ. ರಸೀದಿ ಮುದ್ರಿಸುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗೆ ಬೇಕಾದ ಪ್ಯಾರಲಲ್ ಪೋರ್ಟ್ ಈಗಿನ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಅವರ ಹಳೆಯ ಲೆಕ್ಕದ ತಂತ್ರಾಂಶ ಹೊಸ ವಿಂಡೋಸ್‌ನಲ್ಲಿ ಏಳುವುದಿಲ್ಲ, ಇಷ್ಟು ವರ್ಷಗಳ ನಡಾವಳಿಗಳೆಲ್ಲ ನುಡಿ ತಂತ್ರಾಂಶದ ಅಕ್ಷರಗಳಲ್ಲಿವೆ. ಮೇ ತಿಂಗಳ ಒಂದು ಸಂಜೆ ಗುಡುಗು ಸಿಡಿಲಿನ ಮಳೆಯಾದ ಮರುದಿನ ಆ ಯಂತ್ರ ಶುರುವಾಗಲಿಲ್ಲ. ರಿಪೇರಿ ಅಂಗಡಿಯವರು ಹತ್ತು ನಿಮಿಷ ನೋಡಿ, ಬೋರ್ಡ್ ಹೋಗಿದೆ ಎಂದು ಹೇಳಿ ಕಳಿಸಿದರು. ಕಾರ್ಯದರ್ಶಿಗಳು ಅದನ್ನು ಆಟೊದಲ್ಲಿ ಹಾಕಿಕೊಂಡು ಬಂದು, “ಸರ್, ಬೋರ್ಡೇ ಹೋಗಿದೆಯಂತೆ, ಯಾವುದಕ್ಕೂ ನೀವೊಂದು ಸಲ ನೋಡಿಬಿಡಿ” ಎಂದರು.

ಬೋರ್ಡ್ ಹೋಗಿದೆ ಎನ್ನುವುದು ಬಹಳ ಸುಲಭವಾಗಿ ಬಾಯಿಗೆ ಬರುವ ಮಾತು. ಆದರೆ ಮದರ್‌ಬೋರ್ಡ್ ಕೆಟ್ಟಿದೆ ಎಂದು ನೇರವಾಗಿ ತೋರಿಸುವ ಪರೀಕ್ಷೆಗಳು ಕಡಿಮೆ. ಉಳಿದ ಭಾಗಗಳನ್ನು ಒಂದೊಂದಾಗಿ ನಿರ್ದೋಷಿಗಳೆಂದು ತೀರ್ಮಾನಿಸಿದ ಮೇಲೆ ಉಳಿಯುವ ಆರೋಪಿ ಅದು. ಆದ್ದರಿಂದ ಕೆಳಗಿನ ಕ್ರಮದಲ್ಲಿ ಬೋರ್ಡಿನ ಸರದಿ ತಡವಾಗಿ ಬರುತ್ತದೆ. ಬೇಕಾಗುವ ಸಲಕರಣೆಗಳು ಕೆಲವೇ: ಒಂದು ಡಿಜಿಟಲ್ ಮಲ್ಟಿಮೀಟರ್, ಸ್ಟಾರ್ ಸ್ಕ್ರೂಡ್ರೈವರ್, ಟಾರ್ಚ್, ಮೃದುವಾದ ಬ್ರಷ್, ಬಿಳಿ ರಬ್ಬರ್, ಬೋರ್ಡ್‌ಗೆ ಚುಚ್ಚುವ ಪುಟ್ಟ ಬೀಪ್ ಸ್ಪೀಕರ್, ಹಾಗೂ ಸಾಧ್ಯವಾದರೆ ಸ್ನೇಹಿತರಿಂದ ಎರವಲು ತಂದ ಒಂದು ಒಳ್ಳೆಯ ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಯಂತ್ರಕ್ಕೆ ಬೇಕಾದ ಕಡಿಮೆ ವೋಲ್ಟ್‌ಗಳಿಗೆ ಇಳಿಸುವ ಪವರ್ ಸಪ್ಲೈ ಡಬ್ಬಿ.

ಮುಚ್ಚಳ ತೆಗೆಯುವ ಮೊದಲು

ಯಂತ್ರ ಕೆಟ್ಟದ್ದು ಹೇಗೆಂದು ಬಳಸುತ್ತಿದ್ದವರನ್ನು ಕೇಳಿರಿ. ನಿನ್ನೆಯವರೆಗೆ ಸರಿಯಿದ್ದು ಸಿಡಿಲಿನ ನಂತರ ಸತ್ತ ಯಂತ್ರದಲ್ಲಿ ಎಸ್‌ಎಂಪಿಎಸ್ ಮತ್ತು ಲ್ಯಾನ್ ಪೋರ್ಟ್‌ಗಳ (ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಕಿಂಡಿಗಳ) ಮೇಲೆ ಮೊದಲ ಅನುಮಾನ. ತಿಂಗಳುಗಟ್ಟಲೆ ಎರಡು ಮೂರು ಸಲ ಒತ್ತಿದ ಮೇಲೆ ಏಳುತ್ತಿದ್ದು, ಕೊನೆಗೊಂದು ದಿನ ಏಳದೇ ಹೋದ ಯಂತ್ರದಲ್ಲಿ ಕೆಪಾಸಿಟರ್‌ಗಳು (ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು ವೋಲ್ಟೇಜನ್ನು ಸಮವಾಗಿಡುವ ಭಾಗಗಳು) ಸೊರಗಿರಬಹುದು. ಅವು ಎಸ್‌ಎಂಪಿಎಸ್‌ನವಾಗಿರಬಹುದು, ಬೋರ್ಡಿನವೂ ಆಗಿರಬಹುದು. ದೂಳು ಹೊಡೆದ ಮೇಲೆ ಅಥವಾ ಮೇಜು ಬದಲಿಸಿದ ಮೇಲೆ ಕೆಟ್ಟಿದ್ದರೆ ಏನೋ ಸಡಿಲವಾಗಿದೆ ಎಂದೇ ಹಿಡಿದು ಹೊರಡುವುದು ಜಾಣತನ.

ನಂತರ ಹೊರಗಿನ ಸಂಗತಿಗಳು. ಪವರ್ ಕಾರ್ಡನ್ನು ಬದಲಿಸಿ ನೋಡಿರಿ. ಯುಪಿಎಸ್ ಬಿಟ್ಟು ನೇರ ಗೋಡೆಯ ಸಾಕೆಟ್‌ಗೆ ಹಾಕಿರಿ. ಎಸ್‌ಎಂಪಿಎಸ್‌ನ ಹಿಂಬದಿಯ ಸ್ವಿಚ್ ಆನ್ ಇದೆಯೇ ಗಮನಿಸಿರಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರಕ್ಕೆ ಮಾನಿಟರ್ ಕೇಬಲನ್ನು ಬೋರ್ಡಿನ ವಿಜಿಎ ಕಿಂಡಿಗೆ ಸಿಕ್ಕಿಸಿ, ಡಿಸ್‌ಪ್ಲೇ ಬರುತ್ತಿಲ್ಲ ಎಂದು ಅರ್ಧ ದಿನ ಪರದಾಡಿದವರಲ್ಲಿ ನಾನೂ ಒಬ್ಬ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂಬ ದೂರು ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಸಾಮಾನ್ಯ. ಅದು ಬೋರ್ಡಿನ ದೋಷವಲ್ಲ. ಎಸ್‌ಎಂಪಿಎಸ್‌ನ ಒಳಬದಿಯ ಫಿಲ್ಟರ್ ಕೆಪಾಸಿಟರ್‌ಗಳು ಕ್ಯಾಬಿನೆಟ್ಟಿಗೆ ಜೋಡಿಸಿರುವುದರಿಂದ, ಅರ್ಥಿಂಗ್ ಇಲ್ಲದ ಸಾಕೆಟ್‌ನಲ್ಲಿ 230 ವೋಲ್ಟ್‌ನ ಸುಮಾರು ಅರ್ಧದಷ್ಟು ಒತ್ತಡ ಅತ್ಯಲ್ಪ ಕರೆಂಟಿನೊಂದಿಗೆ ತಗಡಿನ ಮೇಲೆ ನಿಲ್ಲುತ್ತದೆ. ಟೆಸ್ಟರ್ ಇಟ್ಟರೆ ದೀಪ ಉರಿಯುತ್ತದೆ. ಹಾಗಿದ್ದರೆ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಸರಿಪಡಿಸಿಕೊಳ್ಳಿರಿ. ಮೂರನೆಯ ಪಿನ್ನನ್ನು ಕತ್ತರಿಸಿದ ಪ್ಲಗ್ಗಿಗೆ ಹಾಕಿ ಮುಂದಿನ ಯಾವ ಪರೀಕ್ಷೆಯನ್ನೂ ಮಾಡಬಾರದು.

ಎಸ್‌ಎಂಪಿಎಸ್‌ನ ವಿಚಾರಣೆ

ಇಲ್ಲಿ ಅವಸರ ಬೇಡ, ಏಕೆಂದರೆ ಬೋರ್ಡಿನ ತಲೆಗೆ ಕಟ್ಟುವ ತಪ್ಪುಗಳಲ್ಲಿ ಹೆಚ್ಚಿನವು ಈ ಡಬ್ಬಿಯವು. ಎಚ್ಚರಿಕೆಯ ಒಂದು ಮಾತು: ಎಸ್‌ಎಂಪಿಎಸ್‌ನ ಡಬ್ಬಿಯನ್ನು ಬಿಚ್ಚಬೇಡಿರಿ. ಪ್ಲಗ್ ಕಿತ್ತ ಮೇಲೂ ಅದರ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಮೀರಿದ ಡಿಸಿ ಒತ್ತಡ ಸ್ವಲ್ಪ ಕಾಲ ಉಳಿದಿರಬಹುದು. ನಮ್ಮ ಪರೀಕ್ಷೆಗಳೆಲ್ಲ ಹೊರಗೆ ಬಂದಿರುವ ತಂತಿಗಳಲ್ಲೇ ನಡೆಯುತ್ತವೆ.

ಬೋರ್ಡಿಗೆ ಹೋಗುವ 24 ಪಿನ್‌ಗಳ ಕನೆಕ್ಟರ್‌ನಲ್ಲಿ ತಂತಿಯ ಬಣ್ಣಗಳಿಗೆ ಅರ್ಥವಿದೆ. ಕಪ್ಪು ಗ್ರೌಂಡ್, ಹಳದಿ 12 ವೋಲ್ಟ್, ಕೆಂಪು 5 ವೋಲ್ಟ್, ಕಿತ್ತಳೆ 3.3 ವೋಲ್ಟ್. ನೇರಳೆ ತಂತಿ ಸ್ಟ್ಯಾಂಡ್‌ಬೈ, ಅಂದರೆ ಯಂತ್ರ ಮಲಗಿರುವಾಗಲೂ 5 ವೋಲ್ಟ್ ಇರಬೇಕಾದದ್ದು. ಹಸಿರು ತಂತಿ ಎಸ್‌ಎಂಪಿಎಸ್‌ಗೆ ಏಳು ಎಂದು ಹೇಳುವ ತಂತಿ. ಬೂದು ತಂತಿ, ತನ್ನ ವೋಲ್ಟೇಜ್‌ಗಳು ಸ್ಥಿರವಾಗಿವೆ ಎಂದು ಎಸ್‌ಎಂಪಿಎಸ್ ಬೋರ್ಡಿಗೆ ಕೊಡುವ ಒಪ್ಪಿಗೆ.

ಕನೆಕ್ಟರ್ ಬೋರ್ಡಿಗೆ ಸಿಕ್ಕಿಸಿರುವಂತೆಯೇ, ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹಕ್ಕೆ ಒತ್ತಿ, ಕೆಂಪು ಕಡ್ಡಿಯನ್ನು ಕನೆಕ್ಟರ್‌ನ ಬೆನ್ನ ಕಡೆಯಿಂದ ನೇರಳೆ ತಂತಿಯ ರಂಧ್ರಕ್ಕೆ ಇಳಿಸಿರಿ. 4.75ರಿಂದ 5.25ರ ನಡುವೆ ತೋರಿಸಬೇಕು. ಕಡಿಮೆ ತೋರಿಸಿದರೆ ಕನೆಕ್ಟರನ್ನು ಬೋರ್ಡಿನಿಂದ ಕಿತ್ತು ಮತ್ತೆ ಅಳೆಯಿರಿ: ಆಗಲೂ ಕಡಿಮೆಯಿದ್ದರೆ ಎಸ್‌ಎಂಪಿಎಸ್ ಕೆಟ್ಟಿದೆ, ಕಿತ್ತಾಗ ಸರಿಯಾಗಿ 5 ತೋರಿಸಿ, ಸಿಕ್ಕಿಸಿದಾಗ 3 ಅಥವಾ 4ಕ್ಕೆ ಕುಸಿದರೆ, ಒಂದೋ ಬೋರ್ಡಿನ ಮೇಲೆ ಅಥವಾ ಅದಕ್ಕೆ ಸಿಕ್ಕಿಸಿದ ಯಾವುದೋ ಯುಎಸ್‌ಬಿ ಸಾಧನದಲ್ಲಿ ಕರೆಂಟ್ ನುಂಗುವ ಭಾಗವಿದೆ, ಇಲ್ಲವೇ ಎಸ್‌ಎಂಪಿಎಸ್ ಸ್ವಲ್ಪ ಹೊರೆಯನ್ನೂ ತಾಳಲಾರದಷ್ಟು ಬಳಲಿದೆ. ಯಾವುದೆಂದು ಎರವಲು ಎಸ್‌ಎಂಪಿಎಸ್ ಹೇಳುತ್ತದೆ.

ಅಂಗಡಿಗಳಲ್ಲಿ ಅಷ್ಟಾಗಿ ಮಾಡದ, ಆದರೆ ನನಗೆ ಬಹಳ ಇಷ್ಟವಾದ ಪರೀಕ್ಷೆ ಹಸಿರು ತಂತಿಯದು. ಯಂತ್ರ ಮಲಗಿರುವಾಗ ಆ ತಂತಿಯ ಮೇಲೆ ಸಾಮಾನ್ಯವಾಗಿ 3ರಿಂದ 5 ವೋಲ್ಟ್ ಇರುತ್ತದೆ. ಪವರ್ ಗುಂಡಿಯನ್ನು ಒತ್ತಿದೊಡನೆ ಬೋರ್ಡ್ ಅದನ್ನು ಸೊನ್ನೆಯ ಹತ್ತಿರಕ್ಕೆ ಎಳೆಯಬೇಕು. ಒತ್ತಿದಾಗ ಸೊನ್ನೆಗೆ ಇಳಿದರೂ ಫ್ಯಾನ್ ತಿರುಗದಿದ್ದರೆ ಬೋರ್ಡ್ ತನ್ನ ಮಾತನ್ನು ಹೇಳಿದೆ, ಎಸ್‌ಎಂಪಿಎಸ್ ಕೇಳುತ್ತಿಲ್ಲ, ಅಥವಾ ಎಲ್ಲೋ ಶಾರ್ಟ್ ಸರ್ಕ್ಯೂಟ್ ಕಂಡು ಹಿಂಜರಿದಿದೆ. ಸ್ವಲ್ಪವೂ ಇಳಿಯದಿದ್ದರೆ ಮೊದಲು ಗುಂಡಿಯನ್ನೇ ಅನುಮಾನಿಸಬೇಕು: ಬೋರ್ಡಿನ ಮೂಲೆಯಲ್ಲಿರುವ ಪಿನ್‌ಗಳಿಂದ ಪವರ್ ಸ್ವಿಚ್‌ನ ವೈರನ್ನು ಕಿತ್ತು, ಆ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್‌ನ ತುದಿಯಿಂದ ಒಂದು ಕ್ಷಣ ಮುಟ್ಟಿಸಿರಿ. ಯಂತ್ರ ಎದ್ದರೆ ಗುಂಡಿ ಹೋಗಿದೆ, ಅಷ್ಟೆ. ಆಗಲೂ ಹಸಿರು ತಂತಿ ಅಲುಗದಿದ್ದರೆ, ಸ್ಟ್ಯಾಂಡ್‌ಬೈ ಸರಿಯಿದ್ದೂ ಬೋರ್ಡ್ ಮಾತಾಡುತ್ತಿಲ್ಲವೆಂದಾಯಿತು. ಬೋರ್ಡಿನ ವಿರುದ್ಧ ಇದು ಮೊದಲ ಗಟ್ಟಿ ಸಾಕ್ಷಿ.

ಕನೆಕ್ಟರನ್ನು ಕಿತ್ತು ಹಸಿರು ತಂತಿಗೂ ಪಕ್ಕದ ಕಪ್ಪು ತಂತಿಗೂ ಪೇಪರ್ ಕ್ಲಿಪ್ ಸಿಕ್ಕಿಸಿ ಎಸ್‌ಎಂಪಿಎಸ್ ಎಬ್ಬಿಸುವ ಪರೀಕ್ಷೆ ಎಲ್ಲರಿಗೂ ಗೊತ್ತು. ಅದರಲ್ಲಿ ಫ್ಯಾನ್ ತಿರುಗಿದ ಮಾತ್ರಕ್ಕೆ ಎಸ್‌ಎಂಪಿಎಸ್ ಚೆನ್ನಾಗಿದೆ ಎನ್ನುವಂತಿಲ್ಲ. ಹೊರೆಯಿಲ್ಲದ ಎತ್ತು ಯಾವುದಾದರೂ ನಡೆದೀತು. ಸಂಘದ ಯಂತ್ರದಲ್ಲಿ ಆದದ್ದೂ ಇದೇ. ಪೇಪರ್ ಕ್ಲಿಪ್ ಹಾಕಿದಾಗ ಹಳದಿ ತಂತಿಯಲ್ಲಿ 12.1 ವೋಲ್ಟ್ ಇತ್ತು. ಬೋರ್ಡಿಗೆ ಸಿಕ್ಕಿಸಿ ಗುಂಡಿ ಒತ್ತಿದೊಡನೆ 10.4ಕ್ಕೆ ಕುಸಿದು, ಬೂದು ತಂತಿ ಸೊನ್ನೆಯಲ್ಲೇ ಉಳಿದು, ಫ್ಯಾನ್ ಒಮ್ಮೆ ನಡುಗಿ ನಿಂತಿತು. ಹೊರೆಯ ಮೇಲೆ 12 ವೋಲ್ಟ್‌ನ ಸಾಲು 11.4ರಿಂದ 12.6, 5 ವೋಲ್ಟ್‌ನದು 4.75ರಿಂದ 5.25, 3.3ರದು 3.14ರಿಂದ 3.47ರ ಒಳಗಿರಬೇಕು, ಬೂದು ತಂತಿಯಲ್ಲಿ ಒಂದು ಸೆಕೆಂಡ್ ಕಳೆಯುವುದರೊಳಗೆ ಸುಮಾರು 5 ವೋಲ್ಟ್ ಬರಬೇಕು. ಬೂದು ತಂತಿಯ ಒಪ್ಪಿಗೆ ಬರುವವರೆಗೆ ಬೋರ್ಡ್ ಪ್ರೊಸೆಸರ್‌ನ್ನು ಎಬ್ಬಿಸುವುದಿಲ್ಲ; ಆಗ ಪರದೆ ಕಪ್ಪಾಗಿರುವುದರಲ್ಲಿ ಬೋರ್ಡಿನ ತಪ್ಪೇನೂ ಇಲ್ಲ.

ಟಾರ್ಚ್ ಹಿಡಿದು ನೋಡುವುದು

ಎರವಲು ಎಸ್‌ಎಂಪಿಎಸ್ ಹಾಕಿದರೂ ಏಳದಿದ್ದರೆ, ಪ್ಲಗ್ ಕಿತ್ತು, ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಉಳಿದ ಚಾರ್ಜನ್ನು ಖಾಲಿ ಮಾಡಿ, ಕೈಯನ್ನು ಒಮ್ಮೆ ಲೋಹಕ್ಕೆ ತಾಗಿಸಿಕೊಂಡು ಬೋರ್ಡನ್ನು ಕಣ್ಣಿಟ್ಟು ನೋಡಿರಿ.

ಪ್ರೊಸೆಸರ್‌ನ ಸುತ್ತ ನಿಂತಿರುವ ಸಿಲಿಂಡರ್ ಆಕಾರದ ಕೆಪಾಸಿಟರ್‌ಗಳ ನೆತ್ತಿ ಚಪ್ಪಟೆಯಾಗಿರಬೇಕು. ನೆತ್ತಿಯ ಮೇಲಿನ ಗೀರುಗಳ ಬಳಿ ಉಬ್ಬಿದ್ದರೆ, ಕಂದು ಬಣ್ಣದ ಕಸರು ಒಸರಿದ್ದರೆ, ಅಥವಾ ಬುಡದ ರಬ್ಬರ್ ಹೊರತಳ್ಳಿ ಕೆಪಾಸಿಟರ್ ವಾಲಿದ್ದರೆ ಅದರ ಆಯುಷ್ಯ ಮುಗಿದಿದೆ. ಬುಡದಲ್ಲಿ ಕಾರ್ಖಾನೆಯವರೇ ಹಚ್ಚಿದ ಅಂಟನ್ನು ಸೋರಿಕೆ ಎಂದು ತಪ್ಪು ತಿಳಿಯಬಾರದು. ಅಂಟು ಒಂದೇ ಹದವಾಗಿ ಗಟ್ಟಿಯಾಗಿರುತ್ತದೆ, ಸೋರಿದ್ದು ಬೋರ್ಡಿನ ಮೇಲೆ ಕಲೆಯಾಗಿ ಹರಡಿರುತ್ತದೆ. 1999ರಿಂದ 2007ರ ಸುಮಾರಿಗೆ ತಯಾರಾದ ಬೋರ್ಡ್‌ಗಳಲ್ಲಿ, ಎಲೆಕ್ಟ್ರೊಲೈಟ್ ದ್ರವದ ದೋಷದಿಂದ ಕೆಪಾಸಿಟರ್‌ಗಳು ಜಗತ್ತಿನಾದ್ಯಂತ ರಾಶಿರಾಶಿಯಾಗಿ ಊದಿಕೊಂಡವು. ನಿಮ್ಮದು ಆ ಕಾಲದ್ದಾದರೆ ಮೊದಲ ನೋಟ ಅಲ್ಲಿಗೇ ಹೋಗಲಿ. ಅನಂತರದವುಗಳಲ್ಲೂ ಶಾಖವೇ ಶತ್ರು: ಉಷ್ಣತೆ 10 ಡಿಗ್ರಿ ಏರಿದರೆ ಇಂಥ ಕೆಪಾಸಿಟರ್‌ನ ಬಾಳಿಕೆ ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದು ರೂಢಿಯ ಲೆಕ್ಕ.

ಸುಟ್ಟ ಕಲೆ, ಸುಟ್ಟ ವಾಸನೆ, ಹಸಿರು ಕಿಲುಬು, ಇರುವೆ ಗೂಡು, ಹಲ್ಲಿಯ ಹಿಕ್ಕೆ ಎಲ್ಲವೂ ಗಮನಕ್ಕೆ ಬರಲಿ. ಕರಾವಳಿಯ ಉಪ್ಪುಗಾಳಿಯಲ್ಲೂ ಮಲೆನಾಡಿನ ಮಳೆಗಾಲದ ಥಂಡಿಯಲ್ಲೂ ದೂಳು ತೇವ ಹೀರಿ, ಪಿನ್‌ಗಳ ನಡುವೆ ಕರೆಂಟ್ ಸೋರುವ ದಾರಿಯಾಗುತ್ತದೆ. ಬ್ರಷ್‌ನಿಂದ ಒರೆಸಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಶುಚಿಗೊಳಿಸಿ, ಪೂರ್ತಿ ಒಣಗಿದ ಮೇಲೆ ಮತ್ತೊಮ್ಮೆ ಪ್ರಯತ್ನಿಸಿದಾಗ ಎದ್ದ ಯಂತ್ರಗಳನ್ನು ನಾನು ಕಂಡಿದ್ದೇನೆ. ನಾಣ್ಯದಂತಿರುವ ಸಿಆರ್2032 ಸೆಲ್ಲನ್ನೂ ಅಳೆಯಿರಿ. 3 ವೋಲ್ಟ್ ಆಸುಪಾಸು ಇರಬೇಕಾದದ್ದು 2.7ಕ್ಕಿಂತ ಇಳಿದಿದ್ದರೆ ಬದಲಿಸಿರಿ. ಸೆಲ್ ಸತ್ತರೆ ಸಾಮಾನ್ಯವಾಗಿ ಗಡಿಯಾರ ಮಾತ್ರ ಹಿಂದಕ್ಕೆ ಹೋಗುತ್ತದೆ, ಆದರೆ ಏಳುವುದಕ್ಕೇ ಹಟ ಮಾಡುವ ಬೋರ್ಡ್‌ಗಳೂ ಇವೆ.

ರ‍್ಯಾಮ್ ತೆಗೆದಾಗ ಬೋರ್ಡ್ ಕೂಗುತ್ತದೆಯೇ?

ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಇಲ್ಲ. ಅತಿ ಹೆಚ್ಚು ಜನ ಬಂದು ನಿಲ್ಲುವ ಜಾಗ ಇದು. ಇಲ್ಲಿ ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಬಿಚ್ಚಿ, ಒಣ ರಟ್ಟಿನ ಮೇಲೆ ಇಟ್ಟುಕೊಳ್ಳುವುದು ಉತ್ತಮ. ಬೋರ್ಡ್ ಬಂದಿದ್ದ ಹೊಳೆಯುವ ಚೀಲದ ಮೇಲೆ ಇಡಬೇಡಿರಿ, ಅದರ ಹೊರಮೈ ಸ್ವಲ್ಪಮಟ್ಟಿಗೆ ವಿದ್ಯುತ್ ಹರಿಯಬಿಡಬಹುದು. ಹೀಗೆ ಹೊರಗಿಟ್ಟಾಗ, ಸ್ಕ್ರೂ ರಂಧ್ರವಿಲ್ಲದ ಜಾಗದಲ್ಲಿ ಉಳಿದುಹೋದ ಹಿತ್ತಾಳೆಯ ಕಂಬವೋ, ಕಳಚಿಬಿದ್ದ ಸ್ಕ್ರೂವೋ ಬೋರ್ಡಿನ ಬೆನ್ನಿಗೆ ತಾಗಿ ಆಗುವ ಶಾರ್ಟ್ ತಾನಾಗಿ ಬಯಲಾಗುತ್ತದೆ.

ಪ್ರೊಸೆಸರ್, ಅದರ ಫ್ಯಾನ್, 24 ಪಿನ್‌ನ ಕನೆಕ್ಟರ್, ಪ್ರೊಸೆಸರ್‌ನ ಬಳಿಯ 4 ಅಥವಾ 8 ಪಿನ್‌ನ 12 ವೋಲ್ಟ್ ಕನೆಕ್ಟರ್ ಮತ್ತು ಬೀಪ್ ಸ್ಪೀಕರ್, ಇಷ್ಟನ್ನು ಮಾತ್ರ ಉಳಿಸಿ, ರ‍್ಯಾಮ್ ಸೇರಿದಂತೆ ಮಿಕ್ಕದ್ದನ್ನೆಲ್ಲ ತೆಗೆದು ಪವರ್ ಕೊಡಿರಿ. ಬೋರ್ಡ್ ಉದ್ದುದ್ದದ ಬೀಪ್‌ಗಳಿಂದ ಕೂಗಿದರೆ ಸಂತೋಷಪಡಬೇಕು. ರ‍್ಯಾಮ್ ಕಾಣುತ್ತಿಲ್ಲ ಎಂದು ದೂರಲು ಪ್ರೊಸೆಸರ್ ಓಡುತ್ತಿರಬೇಕು, ಯಂತ್ರವನ್ನು ಎಬ್ಬಿಸುವ ಮೊದಲ ತಂತ್ರಾಂಶವಿರುವ ಬಯೋಸ್ ಚಿಪ್ ಓದಿಸಿಕೊಂಡಿರಬೇಕು, ಬೋರ್ಡಿನ ಮುಖ್ಯ ವೋಲ್ಟೇಜ್‌ಗಳು ಬಂದಿರಬೇಕು. ಒಂದು ಕೂಗಿನಲ್ಲಿ ಇಷ್ಟೆಲ್ಲ ಸಾಬೀತಾಗುತ್ತದೆ. ಸ್ಪೀಕರ್ ಇಲ್ಲದೆ ಈ ಪರೀಕ್ಷೆ ಮಾಡಿ ಬೋರ್ಡ್ ಮೌನವಾಗಿದೆ ಎನ್ನುವುದು ಮಾತ್ರ ನ್ಯಾಯವಲ್ಲ. ಅನೇಕ ಕ್ಯಾಬಿನೆಟ್‌ಗಳಲ್ಲಿ ಅದು ಬಂದಿರುವುದೇ ಇಲ್ಲ.

ಸಂಘದ ಬೋರ್ಡ್ ಹೊಸ ಎಸ್‌ಎಂಪಿಎಸ್ ಹಾಕಿದ ಮೇಲೂ ಡಿಸ್‌ಪ್ಲೇ ಕೊಡದೆ ಸುಮ್ಮನಿತ್ತು. ಎರಡೂ ರ‍್ಯಾಮ್ ಕಿತ್ತು ಗುಂಡಿ ಒತ್ತಿದಾಗ ಮೂರನೆಯ ಸೆಕೆಂಡಿಗೆ ಕೂಗಿತು. ರ‍್ಯಾಮ್ ಸ್ಟಿಕ್‌ಗಳ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಕಪ್ಪು ಪೊರೆ ಕಟ್ಟಿತ್ತು. ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಬ್ರಷ್‌ನಿಂದ ಕೊಡವಿ, ಒಂದೇ ಸ್ಟಿಕ್ಕನ್ನು ಎರಡೂ ಬದಿಯ ಕ್ಲಿಪ್ ಟಪ್ಪೆನ್ನುವಂತೆ ಕೂರಿಸಿದಾಗ ಪರದೆಯ ಮೇಲೆ ಅಕ್ಷರಗಳು ಮೂಡಿದವು. ಎರಡನೆಯ ಸ್ಟಿಕ್ ಯಾವ ಸ್ಲಾಟ್‌ನಲ್ಲಿ ಹಾಕಿದರೂ ಏಳಲಿಲ್ಲ. ಮೊದಲನೆಯದು ಎರಡೂ ಸ್ಲಾಟ್‌ಗಳಲ್ಲಿ ಎದ್ದಿತು. ಅಂದರೆ ಸ್ಲಾಟ್‌ಗಳು ಸರಿ, ಎರಡನೆಯ ಸ್ಟಿಕ್ ಕೆಟ್ಟಿದೆ. ಹೀಗೆ ಅದಲುಬದಲು ಮಾಡದೆ ತೀರ್ಮಾನಕ್ಕೆ ಬರಬಾರದು.

ಬಯೋಸ್‌ನ ಸೆಟ್ಟಿಂಗ್ ಕೆಟ್ಟಿರುವ ಸಂದೇಹವಿದ್ದರೆ, ಪ್ಲಗ್ ಕಿತ್ತು, ಸೆಲ್ ತೆಗೆದು, ಸೀಮಾಸ್ ಕ್ಲಿಯರ್ ಜಂಪರನ್ನು (ಬಯೋಸ್ ಸೆಟ್ಟಿಂಗ್ ಅಳಿಸಲು ಬೋರ್ಡಿನ ಪಿನ್‌ಗಳ ಮೇಲಿರುವ ಪುಟ್ಟ ಟೊಪ್ಪಿಗೆಯನ್ನು) ಕೆಲವು ಸೆಕೆಂಡ್ ಬದಲಿಸಿ ಮತ್ತೆ ಮೊದಲಿನಂತೆ ಇಡಿರಿ. ಇದರಲ್ಲೊಂದು ಸಿಕ್ಕಿದೆ. ಕ್ಲಿಯರ್ ಮಾಡಿದಾಗ ಹಾರ್ಡ್‌ಡಿಸ್ಕ್‌ನ ಮೋಡ್ (ಬೋರ್ಡ್ ಅದರೊಡನೆ ಮಾತಾಡುವ ಬಗೆ) ಕೂಡ ಐಡಿಇಯಿಂದ ಎಎಚ್‌ಸಿಐಗೋ, ಅದರಿಂದ ಇದಕ್ಕೋ ಬದಲಾಗಬಹುದು. ಆಗ ವಿಂಡೋಸ್ ನೀಲಿ ಪರದೆ ತೋರಿಸಿ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತದೆ. ಅದನ್ನು ಕಂಡು ಬೋರ್ಡನ್ನು ಬೈಯುವ ಮೊದಲು ಮೋಡನ್ನು ಹಿಂದಿನಂತೆ ಮಾಡಿ ನೋಡಿರಿ.

ಕೂಗದ ಬೋರ್ಡ್

ಸ್ಪೀಕರ್ ಇದ್ದೂ ಕೂಗದಿದ್ದರೆ ಪ್ರೊಸೆಸರ್ ಅಥವಾ ಬೋರ್ಡ್, ಎರಡರಲ್ಲೊಂದು. ಎಲ್‌ಜಿಎ ಬಗೆಯ ಪ್ರೊಸೆಸರ್ ಸಾಕೆಟ್‌ನಲ್ಲಿ ಪಿನ್‌ಗಳು ಬೋರ್ಡಿನ ಮೇಲಿರುತ್ತವೆ; ಪ್ರೊಸೆಸರ್ ತೆಗೆದು ಟಾರ್ಚನ್ನು ಓರೆಯಾಗಿ ಹಿಡಿದರೆ ಪಿನ್‌ಗಳ ತುದಿಗಳು ಸಾಲಾಗಿ ಮಿನುಗಬೇಕು, ಬಾಗಿದ ಪಿನ್ ಇದ್ದಲ್ಲಿ ಆ ಸಾಲು ತಪ್ಪುತ್ತದೆ.

ಪಿಸಿಐ ಸ್ಲಾಟ್ (ಹೆಚ್ಚುವರಿ ಕಾರ್ಡ್ ಸಿಕ್ಕಿಸುವ ಜಾಗ) ಇರುವ ಹಳೆಯ ಬೋರ್ಡ್‌ಗಳಲ್ಲಿ, ಕೆಲವೇ ನೂರು ರೂಪಾಯಿಗೆ ಸಿಗುವ ಪೋಸ್ಟ್ ಕಾರ್ಡ್, ಅಂದರೆ ಯಂತ್ರ ಏಳುವಾಗ ಬಯೋಸ್ ಮಾಡುವ ಸ್ವಪರೀಕ್ಷೆಯ ಕೋಡ್‌ಗಳನ್ನು ತೋರಿಸುವ ಕಾರ್ಡ್, ಉಪಯೋಗಕ್ಕೆ ಬರುತ್ತದೆ. ಅದರ ಪರದೆಯಲ್ಲಿ ಅಂಕಿಗಳು ಬದಲಾಗುತ್ತಾ ಹೋದರೆ ಪ್ರೊಸೆಸರ್ ಬಯೋಸ್‌ನ ಹೆಜ್ಜೆಗಳನ್ನು ಓಡಿಸುತ್ತಿದೆ. ಸೊನ್ನೆಗಳಲ್ಲೋ ಎಫ್‌ಎಫ್‌ನಲ್ಲೋ ನಿಂತೇ ಇದ್ದರೆ ಸಾಮಾನ್ಯವಾಗಿ ಅದು ಎದ್ದೇ ಇಲ್ಲ. ರೀಸೆಟ್ ದೀಪ ಒಮ್ಮೆ ಉರಿದು ಆರಬೇಕು. ಆರದೇ ಉಳಿದರೆ ಬೋರ್ಡ್ ರೀಸೆಟ್‌ನಲ್ಲೇ ಸಿಕ್ಕಿಕೊಂಡಿದೆ. ಕಾರ್ಡಿನ ಪುಸ್ತಿಕೆಯಲ್ಲಿರುವ ಕೋಡ್‌ಗಳ ಅರ್ಥ ಬಯೋಸ್‌ನಿಂದ ಬಯೋಸ್‌ಗೆ ಬದಲಾಗುವುದರಿಂದ ಅದನ್ನು ವೇದವಾಕ್ಯವೆಂದು ನಂಬಬೇಕಾಗಿಲ್ಲ.

ಫ್ಯಾನ್ ಒಂದು ಸುತ್ತು ತಿರುಗಿ ನಿಲ್ಲುವ ಯಂತ್ರಕ್ಕೆ ಬೇರೊಂದು ದಾರಿಯಿದೆ. ಪ್ರೊಸೆಸರ್‌ನ ಬಳಿಯ 12 ವೋಲ್ಟ್ ಕನೆಕ್ಟರನ್ನು ಮಾತ್ರ ಕಿತ್ತು ಗುಂಡಿ ಒತ್ತಿರಿ. ಈಗ ಫ್ಯಾನ್ ನಿಲ್ಲದೆ ತಿರುಗಿದರೆ ಶಾರ್ಟ್ ಪ್ರೊಸೆಸರ್‌ಗೆ ವಿದ್ಯುತ್ ಒದಗಿಸುವ ಮಾಸ್‌ಫೆಟ್ ಎಂಬ ಸ್ವಿಚ್‌ಗಳ ಕಡೆಯಿದೆ ಎಂದು ಊಹಿಸಬಹುದು. ಪ್ಲಗ್ ಕಿತ್ತು, ಪ್ರೊಸೆಸರ್ ತೆಗೆದು, ಮಲ್ಟಿಮೀಟರ್‌ನ ಓಮ್ಸ್ ಶ್ರೇಣಿಯಲ್ಲಿ ಬೋರ್ಡಿನ ಆ ಸಾಕೆಟ್‌ನ 12 ವೋಲ್ಟ್ ಪಿನ್‌ಗೂ ಗ್ರೌಂಡ್‌ಗೂ ನಡುವೆ ಅಳೆದರೆ, ಸರಿಯಿರುವ ಬೋರ್ಡಿನಲ್ಲಿ ಅಂಕಿ ಕೆಪಾಸಿಟರ್ ತುಂಬಿದಂತೆ ಏರುತ್ತಾ ಹೋಗುತ್ತದೆ. ಒಂದೆರಡು ಓಮ್‌ನಲ್ಲೇ ಕುಳಿತರೆ ಮಾಸ್‌ಫೆಟ್ ಶಾರ್ಟ್ ಆಗಿರುವ ಸಂಭವವೇ ಹೆಚ್ಚು. ಪ್ರೊಸೆಸರ್ ಕೂತಿರುವಾಗ ಕಾಯಿಲ್‌ಗಳ ಬಳಿ ಅಳೆದು ಕಡಿಮೆ ಓಮ್ ಬಂತೆಂದು ಗಾಬರಿಯಾಗಬೇಡಿರಿ. ಪ್ರೊಸೆಸರ್‌ನ ಒಳಪ್ರತಿರೋಧವೇ ಅಷ್ಟು ಕಡಿಮೆ.

ಏಳುತ್ತದೆ, ಆದರೆ ನಡುನಡುವೆ ನಿಲ್ಲುತ್ತದೆ

ಇಂಥ ಯಂತ್ರದಲ್ಲಿ ಮೊದಲು ಪ್ರೊಸೆಸರ್‌ನ ಶಾಖ ಹೊರಹಾಕುವ ಹೀಟ್‌ಸಿಂಕ್‌ನ ನಾಲ್ಕು ಪ್ಲಾಸ್ಟಿಕ್ ಕಾಲುಗಳನ್ನು ಅಲುಗಿಸಿ ನೋಡಿರಿ. ಹಳೆಯ ಇಂಟೆಲ್ ಕೂಲರ್‌ಗಳಲ್ಲಿ ಒಂದು ಕಾಲು ಸಡಿಲವಾಗಿ, ನಡುವೆ ಶಾಖ ದಾಟಿಸುವ ಪೇಸ್ಟ್ ಒಣಗಿ ಸುಣ್ಣದಂತಾಗಿ, ಪ್ರೊಸೆಸರ್ ಕಾದು ತಾನಾಗಿ ಆಫ್ ಆಗುವುದು ಮಾಮೂಲು. ನಂತರ ರ‍್ಯಾಮನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86+ ತಂತ್ರಾಂಶವನ್ನು ಪೆನ್‌ಡ್ರೈವ್‌ನಿಂದ ಒಂದು ರಾತ್ರಿ ಓಡಿಸಿರಿ. ಹಾರ್ಡ್‌ಡಿಸ್ಕ್ ಕಿತ್ತು, ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಎಬ್ಬಿಸಿ ಅರ್ಧ ದಿನ ಬಳಸಿದಾಗ ತೊಂದರೆ ಕಾಣದಿದ್ದರೆ, ತಪ್ಪು ಡಿಸ್ಕ್‌ನದೋ ವಿಂಡೋಸ್‌ನದೋ ಆಗಿರುತ್ತದೆ. ಇವೆಲ್ಲ ದಾಟಿಯೂ, ಎಸ್‌ಎಂಪಿಎಸ್ ಬದಲಿಸಿಯೂ ನಿಲ್ಲುವ ಯಂತ್ರದಲ್ಲಿ ಬೋರ್ಡನ್ನು ಧೈರ್ಯವಾಗಿ ದೂಷಿಸಬಹುದು.

ಕೆಟ್ಟಿದೆ ಎಂದು ಖಚಿತವಾದ ಮೇಲೆ

ಊದಿದ ಕೆಪಾಸಿಟರ್‌ಗಳಷ್ಟೇ ದೋಷವಾದರೆ ಬದಲಿಸಬಹುದು. ಅದೇ ಮೈಕ್ರೊಫ್ಯಾರಡ್, ಅಷ್ಟೇ ಅಥವಾ ಸ್ವಲ್ಪ ಹೆಚ್ಚಿನ ವೋಲ್ಟ್, 105 ಡಿಗ್ರಿಯ ಲೋ ಇಎಸ್‌ಆರ್ (ಒಳಪ್ರತಿರೋಧ ಕಡಿಮೆಯಿರುವ) ಬಗೆಯದನ್ನೇ ಕೇಳಿ ತನ್ನಿರಿ. ರೇಡಿಯೊ ಅಂಗಡಿಯ ಸಾಮಾನ್ಯ ಕೆಪಾಸಿಟರ್ ಇಲ್ಲಿ ಬಹಳ ದಿನ ಬಾಳುವುದಿಲ್ಲ. ಬೋರ್ಡಿನ ಮೇಲೆ ಧನ-ಋಣ ತೋರಿಸುವ ಗುರುತು ಎಲ್ಲ ಕಂಪನಿಗಳಲ್ಲೂ ಒಂದೇ ರೀತಿ ಇರುವುದಿಲ್ಲವಾದ್ದರಿಂದ, ಹಳೆಯದನ್ನು ಕೀಳುವ ಮೊದಲು ಅದರ ಪಟ್ಟೆ ಯಾವ ಕಡೆಗಿದೆ ಎಂದು ಫೋಟೊ ತೆಗೆದಿಟ್ಟುಕೊಳ್ಳಿರಿ. ಚಿಪ್‌ಸೆಟ್ ಹೋಗಿದ್ದರೆ ರಿಪೇರಿಯ ಖರ್ಚು ಸಾಮಾನ್ಯವಾಗಿ ಹಳೆಯ ಬೋರ್ಡಿನ ಬೆಲೆಯನ್ನು ಮೀರುತ್ತದೆ. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಹಳೆಯ ಬೋರ್ಡ್ ಕೊಳ್ಳುವವರು ನಿಮ್ಮ ಪ್ರೊಸೆಸರ್ ಮತ್ತು ರ‍್ಯಾಮನ್ನು ಜೊತೆಗೊಯ್ದು, ಅಂಗಡಿಯಲ್ಲೇ ಡಿಸ್‌ಪ್ಲೇ ಬರಿಸಿ, ಪ್ರತಿ ಯುಎಸ್‌ಬಿ ಕಿಂಡಿಯನ್ನೂ ಪರೀಕ್ಷಿಸಿ ಹಣ ಕೊಡಿರಿ. ಯಾವ ದಾರಿ ಹಿಡಿದರೂ, ಬೇರೆ ಯಂತ್ರಕ್ಕೆ ಡಿಸ್ಕನ್ನು ಜೋಡಿಸಿ ದತ್ತಾಂಶದ ಪ್ರತಿ ತೆಗೆಯುವ ಕೆಲಸ ಮೊದಲು ಆಗಲಿ.

ಬೋರ್ಡಿನ ಒಂದು ಅಂಗ ಮಾತ್ರ ಸತ್ತಿದ್ದರೆ ಇಡೀ ಬೋರ್ಡನ್ನು ಬಿಸಾಡಬೇಕಾಗಿಲ್ಲ. ಸಂಘದ ಯಂತ್ರ ಎದ್ದ ಮೇಲೆ ತಿಳಿದದ್ದು, ಸಿಡಿಲಿನ ಪೆಟ್ಟು ಬ್ರಾಡ್‌ಬ್ಯಾಂಡ್ ಲೈನಿನ ಮೂಲಕವೂ ಒಳಗೆ ಬಂದಂತಿತ್ತು: ರೂಟರ್ ಸತ್ತಿತ್ತು, ಬೋರ್ಡಿನ ಲ್ಯಾನ್ ಕಿಂಡಿಯ ದೀಪ ಉರಿಯುತ್ತಿರಲಿಲ್ಲ, ವಿಂಡೋಸ್‌ಗೆ ಆ ಚಿಪ್ ಕಾಣುತ್ತಲೇ ಇರಲಿಲ್ಲ. ಬಯೋಸ್‌ನಲ್ಲಿ ಅದನ್ನು ಡಿಸೇಬಲ್ ಮಾಡಿ, ಪಿಸಿಐ ಸ್ಲಾಟ್‌ಗೆ ಒಂದು ಹಳೆಯ ಲ್ಯಾನ್ ಕಾರ್ಡ್ ಹಾಕಿಕೊಟ್ಟೆ. ಒಟ್ಟು ಬದಲಾದದ್ದು ಎಸ್‌ಎಂಪಿಎಸ್, ಒಂದು ರ‍್ಯಾಮ್ ಸ್ಟಿಕ್, ಆ ಕಾರ್ಡ್ ಮತ್ತು ರೂಟರ್. ಹಳೆಯ ಲ್ಯಾನ್ ಕಿಂಡಿಗೆ ಈಗ ಕಪ್ಪು ಟೇಪ್ ಅಂಟಿಸಿದೆ. ಗುಡುಗು ಕೇಳಿದೊಡನೆ ಪವರ್ ಪ್ಲಗ್ಗಿನ ಜೊತೆ ಕಿತ್ತಿಡಬೇಕಾದ ಕೇಬಲ್ ಯಾವುದೆಂದು ಕಾರ್ಯದರ್ಶಿಗಳು ಅದರ ಪಕ್ಕದಲ್ಲೇ ಒಂದು ಚೀಟಿಯಲ್ಲಿ ಬರೆದು ಹಚ್ಚಿದ್ದಾರೆ.